ಕಳ್ಳ ಕೊನೆವರೆಗೂ ಕಳ್ಳನೇನಾ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲೇ ಸರಗಳ್ಳತನ ಆಗ್ಲಿ, ಕೊಲೆ ಆಗ್ಲಿ, ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಐದೇ ನಿಮಿಷಕ್ಕೆ ತೀರ್ಪು ಬಂದುಬಿಡುತ್ತೆ. "ಎನ್‌ಕೌಂಟರ್ ಮಾಡಿ ಬಿಸಾಕಿ." "ಇಂಥೋರು ಬದಲಾಗಲ್ಲ ಗುರು." ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನೋದು ನಿಜವೇ ಆಗಿದ್ರೆ ಜೈಲು ಯಾಕೆ ಬೇಕು? ಮನುಷ್ಯರನ್ನ ತುಂಬಿಡೋಕೆ ಒಂದು ಗೋಡೌನ್ ಸಾಕಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ನಮ್ಮ ಕನಕಪುರ ತಾಲ್ಲೂಕಿನ ಹಾರೋಬೆಲೆವರೆಗೆ ಹೋದ್ರೆ ಸಾಕು. ಅಲ್ಲಿನ ಕಪಾಲ ಬೆಟ್ಟದಲ್ಲಿ 2019ರ ಕ್ರಿಸ್‌ಮಸ್ ದಿನ 114 ಅಡಿ ಯೇಸು ಪ್ರತಿಮೆಗೆ ಅಡಿಗಲ್ಲು ಹಾಕಿದಾಗ ಇಡೀ ರಾಜ್ಯ ಅದರ ಬಗ್ಗೆ ಜಗಳ ಆಡಿತು. ಜಾಗ ಯಾರದು, ಎತ್ತರ ಎಷ್ಟು, ರಾಜಕೀಯ ಏನು ಅಂತ ಚರ್ಚೆ ಆಯ್ತು. ಆ ಬೆಟ್ಟದ ಹೆಸರನ್ನೂ ಒಮ್ಮೆ ಗಮನಿಸಿ. ಕಪಾಲ ಅಂದ್ರೆ ತಲೆಬುರುಡೆ. ಯೇಸುವನ್ನು ಶಿಲುಬೆಗೆ ಹಾಕಿದ ಗೊಲ್ಗೊಥಾ ಅನ್ನೋ ಹೆಸರಿಗೂ ಅದೇ ಅರ್ಥ.

ಬೈಬಲಿನ ಪ್ರಕಾರ ಅವತ್ತು ಅಲ್ಲಿ ಮೂರು ಶಿಲುಬೆ ಇದ್ದವು. ಯೇಸುವಿನ ಅಕ್ಕಪಕ್ಕ ಇದ್ದದ್ದು ಇಬ್ಬರು ಅಪರಾಧಿಗಳು. ಒಬ್ಬ ಗೇಲಿ ಮಾಡ್ದ. ಇನ್ನೊಬ್ಬ, ನಮಗೆ ಸಿಕ್ಕಿರೋದು ನ್ಯಾಯವಾದ ಶಿಕ್ಷೆನೇ ಅಂತ ಒಪ್ಕೊಂಡ. ಅವನಿಗೆ ಸ್ವರ್ಗದ ಮಾತು ಸಿಕ್ಕಿತು. ಆದರೆ ಅವನನ್ನು ಶಿಲುಬೆಯಿಂದ ಯಾರೂ ಕೆಳಗೆ ಇಳಿಸಲಿಲ್ಲ. ನಮಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸೋದು ಇದೇ. ಮನುಷ್ಯ ಕೊನೇ ಗಳಿಗೆಯಲ್ಲೂ ಬದಲಾಗಬಹುದು. ಹಾಗಂತ ಬದಲಾವಣೆ ಅನ್ನೋದು ಶಿಕ್ಷೆಗೆ ಡಿಸ್ಕೌಂಟ್ ಕೂಪನ್ ಅಲ್ಲ.

ಜೈಲಲ್ಲಿ ಬೈಬಲ್ ಹಿಡಿದೋರೆಲ್ಲ ಬದಲಾದರು ಅಂತ ನಾವು ಹೇಳ್ತಿಲ್ಲ. ಬೇಗ ಹೊರಗೆ ಬರೋಕೆ ಭಕ್ತಿ ತೋರಿಸೋರೂ ಇರ್ತಾರೆ. ಅದಕ್ಕೂ ಬೈಬಲಲ್ಲೇ ಒಂದು ಅಳತೆಗೋಲಿದೆ. ಜಕ್ಕಾಯ ಅನ್ನೋ ಸುಂಕದವನು ಅರ್ಧ ಆಸ್ತಿ ಬಡವರಿಗೆ ಕೊಡ್ತೀನಿ, ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಪಶ್ಚಾತ್ತಾಪ ಅಂದ್ರೆ ಕಣ್ಣೀರಷ್ಟೇ ಅಲ್ಲ, ಲೆಕ್ಕ ಚುಕ್ತಾ ಆಗ್ಬೇಕು.

ಬೆಂಗಳೂರಿನ 'ಆಟೋ ರಾಜ' ಅವರದ್ದು ಅಂಥದೇ ಲೆಕ್ಕ. ಹರೆಯದಲ್ಲಿ ಕಳ್ಳತನ ಮಾಡಿ ಜೈಲು ಕಂಡವರು. ಅಲ್ಲೇ ದೇವರ ಮೊರೆ ಹೋದೆ ಅಂತ ಅವರೇ ಹೇಳ್ಕೋತಾರೆ. ಆಮೇಲೆ ಆಟೋ ಓಡಿಸಿದರು. 1997ರಿಂದ ಬೀದಿಯಲ್ಲಿ ಬಿದ್ದಿರೋ ಅನಾಥರನ್ನ, ಹುಳ ಬಿದ್ದ ಗಾಯದವರನ್ನ ಎತ್ತಿ ತಂದು ಆರೈಕೆ ಮಾಡೋ ಕೆಲಸ ಶುರು ಮಾಡಿದರು.

ಇನ್ನೂ ಕಷ್ಟದ ಕಥೆ ಮಧ್ಯಪ್ರದೇಶದ್ದು. 1995ರಲ್ಲಿ ರಾಣಿ ಮರಿಯಾ ಅನ್ನೋ ಕ್ರೈಸ್ತ ಸನ್ಯಾಸಿನಿಯನ್ನು ಸಮಂದರ್ ಸಿಂಗ್ ಇರಿದು ಕೊಂದ. 2002ರಲ್ಲಿ ಆಕೆಯ ತಂಗಿ, ತಾನೂ ಸನ್ಯಾಸಿನಿ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. 2006ರಲ್ಲಿ ಅವನ ಬಿಡುಗಡೆ ಆಯ್ತು. ಇಲ್ಲಿ ನಂಬಿಕೆ ಮೊದಲು ಕೆಲಸ ಮಾಡಿದ್ದು ಕೊಂದವನಲ್ಲಿ ಅಲ್ಲ, ಕಳಕೊಂಡವರಲ್ಲಿ.

ಆದರೆ ಕ್ಷಮಿಸೋದು ನೊಂದವರ ಹಕ್ಕು. ಅವರ ಪರವಾಗಿ ನಾವು ಕ್ಷಮಿಸೋಕಾಗಲ್ಲ, ಕ್ಷಮಿಸಿ ಅಂತ ಒತ್ತಾಯ ಮಾಡೋದಂತೂ ತಪ್ಪು. ನಾವು ಕೊಡಬಹುದಾದದ್ದು ಬೇರೆ: ಒಂದು ಕೆಲಸ, ಒಂದು ಬಾಡಿಗೆ ಮನೆ, 'ಜೈಲಿಂದ ಬಂದವನು' ಅಂತ ಸೇರಿಸದೆ ಹೆಸರು ಹಿಡಿದು ಕರೆಯೋ ಮಾತು.

ಇದು ಕ್ರೈಸ್ತರಿಗಷ್ಟೇ ಸೇರಿದ ವಿಷಯವೂ ಅಲ್ಲ. ಬುದ್ಧನ ಅಂಗುಲಿಮಾಲ ಇದ್ದಾನೆ. ಕಳ್ಳತನಕ್ಕೆ ಹೋಗಿ ಶರಣನಾದ ಅನ್ನೋ ನಮ್ಮ ಉರಿಲಿಂಗಪೆದ್ದಿ ಇದ್ದಾನೆ. ರಾಮದೇವರ ಬೆಟ್ಟ ನೋಡಿದ್ರೆ ಎಲ್ಲರಿಗೂ ಗಬ್ಬರ್ ನೆನಪಾಗ್ತಾನೆ. ಆದರೆ 1975ರ 'ಶೋಲೆ'ಯಲ್ಲಿ ಅವನನ್ನ ಹಿಡಿಯೋಕೆ ಠಾಕೂರ್ ಕರೆಸಿದ್ದು ಇಬ್ಬರು ಕಳ್ಳರನ್ನ! ತಪ್ಪಿಸಿಕೊಳ್ಳೋ ಅವಕಾಶ ಇದ್ದರೂ ಗಾಯಗೊಂಡ ತನ್ನನ್ನ ಆಸ್ಪತ್ರೆಗೆ ಸೇರಿಸಿದ್ದರು ಅನ್ನೋದನ್ನ ಆ ಪೊಲೀಸ್ ಅಧಿಕಾರಿ ಮರೆತಿರಲಿಲ್ಲ.

ಇನ್ನು ಹತ್ತು ವರ್ಷಕ್ಕೆ ನಮ್ಮಲ್ಲಿ ಯಾರೋ ಬಿಡದಿಯ ಕಾರ್ಖಾನೆಯಲ್ಲಿ ಇಂಟರ್‌ವ್ಯೂ ಮಾಡ್ತಿರ್ತೀವಿ, ಯಾರೋ ಚನ್ನಪಟ್ಟಣದಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿರ್ತೀವಿ. ಶಿಕ್ಷೆ ಮುಗಿಸಿದ ಒಬ್ಬ ಕೆಲಸ ಕೇಳ್ಕೊಂಡು ಬರ್ತಾನೆ. ಪೊಲೀಸ್ ವೆರಿಫಿಕೇಷನ್ ಕಾಗದದಲ್ಲಿ ಹಳೇ ಕೇಸಿರುತ್ತೆ. ಆಗ ಅವನ ಅರ್ಜಿಯನ್ನ ಪಕ್ಕಕ್ಕೆ ತಳ್ಳೋ ಮೊದಲು, ಅವನನ್ನ ಕೂರಿಸಿ ಮಾತಾಡಿಸೋಣ. ಬದಲಾಗಿದ್ದೀನಿ ಅಂತ ತೋರಿಸೋಕೆ ಅವನಿಗೊಂದು ಕೆಲಸ ಬೇಕು. ಅದು ನಮ್ಮ ಕೈಲಿರುತ್ತೆ.