ಟ್ರಾನ್ಸ್ ಮಿಕ್ಸಿಂಗ್, ಭಾಗ 4: ಲೀಡ್ ಎತ್ತೋದು ಬಿಡಿ, ಪ್ಯಾಡ್ ಸರಿಮಾಡಿ

"ಲೀಡ್ ಕೇಳಿಸ್ತಿಲ್ವಾ? ಫೇಡರ್ ಮೇಲೆತ್ತು." ಈ ಸಲಹೆ ಕೊಡೋರನ್ನ ಮೊದಲು ಅನ್‌ಫಾಲೋ ಮಾಡಿ ಗುರು.

ಲೀಡ್ ಎತ್ತಿದ್ರೆ ಕಿಕ್ ಸಣ್ಣದಾಗುತ್ತೆ, ಆಮೇಲೆ ಅದನ್ನೂ ಎತ್ತುತ್ತೀರಿ. ಕೊನೆಗೆ ಮಾಸ್ಟರ್ ಕೆಂಪು. ಹೆಡ್‌ರೂಮ್ ಅನ್ನೋದು ಬಜೆಟ್. ಒಂದು ಖಾತೆಗೆ ಜಾಸ್ತಿ ಹಾಕಿದ್ರೆ ಇನ್ನೊಂದಕ್ಕೆ ಕಮ್ಮಿ. ಬಿಕಾಂನವರಿಗೆ ಇದನ್ನೂ ಬಿಡಿಸಿ ಹೇಳ್ಬೇಕಾ?

ತೊಂದರೆ ಇರೋದು ಜಾಗದ್ದು. ರೋಲ್ಯಾಂಡ್ ಜೆಪಿ-8000 ತಂದ ಸೂಪರ್‌ಸಾ ಅಂದ್ರೆ ಒಂದೇ ನೋಟ್‌ಗೆ 7 ಸಾಟೂತ್ ಅಲೆಗಳು, ಒಂದಕ್ಕೊಂದು ಚೂರು ಶ್ರುತಿ ತಪ್ಪಿಸಿ. ಲೀಡ್‌ಗೂ ಅದೇ, ಪ್ಯಾಡ್‌ಗೂ ಅದೇ ಹಾಕಿದ್ರೆ ಬಸ್ಸಲ್ಲಿ ಇಬ್ಬರು ಒಂದೇ ಸೀಟಿಗೆ ಟವೆಲ್ ಹಾಕಿದಂಗೆ.

ಪ್ಯಾಡ್‌ನ 200-300 ಹರ್ಟ್ಸ್ ಕೆಳಗೆ ಕತ್ತರಿಸಿ, ಅದು ಬೇಸ್‌ನ ಜಾಗ. 2-4 ಕಿಲೋಹರ್ಟ್ಸ್ ಹತ್ರ ಪ್ಯಾಡ್‌ನ 2-3 ಡೆಸಿಬೆಲ್ ಇಳಿಸಿ. ನಮ್ಮ ಕಿವಿ ಚುರುಕಾಗಿರೋದೇ ಅಲ್ಲಿ, ಅದನ್ನ ಲೀಡ್‌ಗೆ ಬಿಟ್ಟುಕೊಡಿ. ಪ್ಯಾಡ್ ಅಕ್ಕಪಕ್ಕ ಹರಡ್ಲಿ, ಲೀಡ್ ನಡುವೆ ನಿಲ್ಲಲಿ. ಆಮೇಲೆ ಮೋನೋದಲ್ಲಿ ಒಂದ್ಸಲ ಕೇಳಿ.

ಹಾಗಂತ ಪ್ಯಾಡನ್ನೇ ಮುಚ್ಚಿಹಾಕ್ಬೇಡಿ. ಲೀಡ್‌ನ ಅದೇ ಎ ನೋಟ್, ಕೆಳಗೆ ಎ ಮೈನರ್ ಇದ್ರೆ ಎದೆ ಭಾರ, ಎಫ್ ಮೇಜರ್ ಬಂದ್ರೆ ಹಗುರ. ಬ್ರೇಕ್‌ಡೌನ್‌ನಲ್ಲಿ ಮೈ ಜುಮ್ ಅನ್ನಿಸೋದ್ರಲ್ಲಿ ಅರ್ಧ ಪಾಲು ಪ್ಯಾಡ್‌ನ ಕಾರ್ಡ್‌ಗಳದ್ದು. ಅದನ್ನ ಕೊಂದು ಲೀಡ್ ಕಿರುಚಿಸಿದ್ರೆ ಉಳಿಯೋದು ರಿಂಗ್‌ಟೋನ್.

ಇವತ್ತು ರಾತ್ರಿ ಪ್ರಾಜೆಕ್ಟ್ ತೆಗೆದು, ಲೀಡ್ ಮುಟ್ಟದೆ ಪ್ಯಾಡ್ ಮಾತ್ರ ಸರಿಮಾಡಿ ನೋಡಿ. ಆಗ್ಲೂ ಲೀಡ್ ಕೇಳಿಸ್ಲಿಲ್ವಾ? ಕಾಮೆಂಟಲ್ಲಿ ಜಗಳಕ್ಕೆ ಬನ್ನಿ.

ಭಾಗ 5: ರಿವರ್ಬ್.