ಐದನೆಯವರು ಎಲ್ಲಿ ಮಲಗಬೇಕು?

ಪರೀಕ್ಷೆ ಮುಗಿದು ರಜೆ ಹತ್ತಿರ ಬಂತೆಂದರೆ ನಮ್ಮ ಊರುಗಳಲ್ಲಿ ಒಂದೇ ಹಟ. ‘ವಂಡರ್‌ಲಾಗೆ ಹೋಗೋಣ.’ ಶಾಲಾ ಪ್ರವಾಸಕ್ಕೆ ಹೋಗಿ ಬಂದ ಮಗು ಓಣಿಯಲ್ಲಿ ಒಂದಿದ್ದರೆ ಸಾಕು, ಉಳಿದವರಿಗೆಲ್ಲ ಹುಚ್ಚು ಹತ್ತುತ್ತದೆ. ಮೊದಲಾದರೆ ಅಪ್ಪ ‘ಸುಗ್ಗಿ ಆಗಲಿ, ನೋಡೋಣ’ ಎಂದು ಮಾತು ತೇಲಿಸುತ್ತಿದ್ದ. ಈಗ ಟಿಕೆಟ್ ದರ, ನೀರಾಟದ ವಿಡಿಯೊ, ಕೋಣೆಯ ಫೋಟೊ ಎಲ್ಲವನ್ನೂ ಮಕ್ಕಳೇ ಫೋನಿನಲ್ಲಿ ತೆರೆದು ಮುಂದೆ ಹಿಡಿಯುತ್ತಾರೆ.

ಟಿಕೆಟ್ ದುಬಾರಿ ಅಂತ ಎಲ್ಲರೂ ಮಾತಾಡುತ್ತಾರೆ. ಆದರೆ ಹಾವೇರಿ, ಗದಗ, ಕೊಪ್ಪಳದ ಕಡೆಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್‌ಗೂ ಹೆಚ್ಚಿನ ದಾರಿ. ಹೋದ ದಿನವೇ ಆಡಿ ಮನೆಗೆ ಬರಲು ಆಗುವುದಿಲ್ಲ. ಒಂದು ರಾತ್ರಿಯಾದರೂ ಎಲ್ಲೋ ತಂಗಬೇಕು. ಬಜೆಟ್ ಹರಿಯುವುದು ಆ ಒಂದು ರಾತ್ರಿಯಲ್ಲಿ. ಅದಕ್ಕಿಂತ ಬೇಸರದ ಸಂಗತಿ, ಆ ರಾತ್ರಿಯ ಸಲುವಾಗಿ ಮನೆಯಲ್ಲಿ ಒಬ್ಬರು ಹಿಂದೆ ಉಳಿಯುತ್ತಾರೆ.

ಯಾರು ಉಳಿಯುತ್ತಾರೆ? ಒಂದೋ ಅಜ್ಜಿ, ಇಲ್ಲವೇ ದೊಡ್ಡ ಮಗಳು. ‘ನಿನಗೆ ಯಾಕವ್ವಾ ಅಷ್ಟು ದೂರದ ಪ್ರಯಾಣ’ ಅಂತ ಅಜ್ಜಿಗೆ. ‘ನೀನು ದೊಡ್ಡವಳಾದೆ, ಮನೆ ನೋಡಿಕೋ’ ಅಂತ ಮಗಳಿಗೆ. ನಿಜವಾದ ಕಾರಣ ಬೇರೆ ಇರುತ್ತದೆ. ಕೋಣೆಯಲ್ಲಿ ನಾಲ್ಕೇ ಜನಕ್ಕೆ ಜಾಗ ಅಂದಿರುತ್ತಾರೆ.

ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ದುಡ್ಡು ಸಾಲದಿದ್ದರೆ ರೆಸಾರ್ಟನ್ನು ಬಿಡಿ, ಮನೆಯವರನ್ನು ಬಿಡಬೇಡಿ. ಐದನೆಯವರನ್ನು ಮೊದಲು ಎಣಿಸಿ, ಆಮೇಲೆ ಕೋಣೆ ಹುಡುಕಿ.

ಅವರ ಲೆಕ್ಕದಲ್ಲಿ ಕುಟುಂಬ ಎಂದರೆ

ಫೋನಿನಲ್ಲಿ ಕೋಣೆ ಹುಡುಕಿದಾಗ ದೊಡ್ಡ ಅಕ್ಷರದಲ್ಲಿ ಕಾಣುವ ದರ ಇಬ್ಬರದ್ದು. ಬಹಳಷ್ಟು ಕಡೆ ಅದಕ್ಕೆ ಒಬ್ಬ ದೊಡ್ಡವರನ್ನೋ ಇಬ್ಬರು ಸಣ್ಣ ಮಕ್ಕಳನ್ನೋ ಸೇರಿಸಬಹುದು. ಐದು ಎಂದು ಒತ್ತಿದ ಕೂಡಲೇ ಆ ಪರದೆ ಎರಡು ಕೋಣೆ ತೋರಿಸುತ್ತದೆ, ದರ ಇಮ್ಮಡಿಯಾಗುತ್ತದೆ.

ಆಗ ಕೆಲವರು ಒಂದು ಉಪಾಯ ಮಾಡುತ್ತಾರೆ. ನಾಲ್ಕು ಜನ ಅಂತ ಬುಕ್ ಮಾಡಿ ಐದು ಜನ ಹೋಗುವುದು. ನಮ್ಮ ಪರಿಚಯದ ಒಂದು ಕುಟುಂಬಕ್ಕೆ ಹೀಗೇ ಆಯಿತು. ರಾತ್ರಿ ಒಂಬತ್ತರ ಮೇಲೆ ಕೌಂಟರಿನಲ್ಲಿ ತಲೆ ಎಣಿಸಿ, ಇನ್ನೊಂದು ಕೋಣೆ ತೆಗೆದುಕೊಳ್ಳಿ ಅಂದರು. ನಿದ್ದೆಗಣ್ಣಿನ ಮಕ್ಕಳು, ಕೈಯಲ್ಲಿ ಚೀಲ. ಆ ಹೊತ್ತಿನಲ್ಲಿ ಚೌಕಾಸಿ ಎಲ್ಲಿ ನಡೆಯುತ್ತದೆ? ಹೇಳಿದ ದರ ಕೊಟ್ಟರು. ಹಗಲಲ್ಲೇ ಫೋನಿನಲ್ಲಿ ಐದು ಜನ ಎಂದು ಹೇಳಿ ಮಾತಾಡಿದ್ದರೆ ಅದಕ್ಕಿಂತ ಕಡಿಮೆಗೆ ಮುಗಿಯುತ್ತಿತ್ತು.

ಮೂರು ಕಡೆ ಮೂರು ಅಳತೆ

ಅಜ್ಜಿ, ಅಪ್ಪ, ಅಮ್ಮ, ಹದಿನಾರರ ಮಗಳು, ಹನ್ನೊಂದರ ಮಗ. ಇಂಥ ಒಂದು ಕುಟುಂಬ ಇಟ್ಟುಕೊಳ್ಳೋಣ. ಆ ಹನ್ನೊಂದರ ಹುಡುಗ ಮಗುವೋ, ದೊಡ್ಡವನೋ?

ಸಾರಿಗೆ ಬಸ್ಸಿನಲ್ಲಿ ಹನ್ನೆರಡರವರೆಗೆ ಅರ್ಧ ಟಿಕೆಟ್, ಹಾಗಾಗಿ ಅವನು ಮಗು. ರೈಲಿನಲ್ಲಿ 5ರಿಂದ 12 ವರ್ಷದೊಳಗಿನವರಿಗೆ ಬೇರೆ ಬರ್ತ್ ಬೇಡವೆಂದರೆ ಅರ್ಧ ದರ, ಬರ್ತ್ ಬೇಕೆಂದರೆ ಪೂರ್ತಿ ದರ. 2016ರ ಏಪ್ರಿಲ್‌ನಿಂದ ಇದೇ ನಿಯಮ. ವಂಡರ್‌ಲಾದಲ್ಲಿ ವಯಸ್ಸು ನೋಡುವುದಿಲ್ಲ, ಎತ್ತರ ಅಳೆಯುತ್ತಾರೆ. 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಉಚಿತ, 140 ದಾಟಿದರೆ ದೊಡ್ಡವರ ಟಿಕೆಟ್. ನಮ್ಮ ಹುಡುಗ ಉದ್ದ ಬೆಳೆದಿದ್ದರೆ ಅಲ್ಲಿ ದೊಡ್ಡವನೇ. ಲಾಡ್ಜಿನಲ್ಲಿ ಒಬ್ಬೊಬ್ಬರದು ಒಂದೊಂದು ನಿಯಮ. ಒಂದು ಕಡೆ ಐದು ವರ್ಷದ ಮೇಲೆ ಹಾಸಿಗೆಗೆ ದುಡ್ಡು, ಇನ್ನೊಂದು ಕಡೆ ಹನ್ನೆರಡರವರೆಗೆ ಬಿಟ್ಟಿ.

ಆದ್ದರಿಂದ ಹೊರಡುವ ಮೊದಲು ಮನೆಯ ಗೋಡೆಗೆ ನಿಲ್ಲಿಸಿ ಮಕ್ಕಳ ಎತ್ತರ ಅಳೆಯಿರಿ. ಲಾಡ್ಜಿಗೆ ಫೋನ್ ಮಾಡುವಾಗ ‘ಇಬ್ಬರು ಮಕ್ಕಳು’ ಎನ್ನಬೇಡಿ, ವಯಸ್ಸು ಹೇಳಿ. ರೈಡ್ ಹತ್ತದ ಅಜ್ಜಿಗೂ ಪಾರ್ಕಿನ ಟಿಕೆಟ್ ಬೇಕು ಎಂಬುದನ್ನು ಮರೆಯಬೇಡಿ. ಹಿರಿಯರಿಗೆ ರಿಯಾಯಿತಿ ಇದೆ, ವಯಸ್ಸು ತೋರಿಸುವ ಗುರುತಿನ ಚೀಟಿ ಜೊತೆಗಿರಲಿ.

ಪಾರ್ಕಿನ ಪಕ್ಕವೇ ಬೇಕೇ?

ವಂಡರ್‌ಲಾ ಇರುವುದು ಮೈಸೂರು ರಸ್ತೆಯಲ್ಲಿ, ಬಿಡದಿಯ ಹತ್ತಿರ. ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್. ಪಾರ್ಕ್ 2005ರಲ್ಲಿ ಶುರುವಾಯಿತು, ಅದರದೇ ರೆಸಾರ್ಟ್ 2012ರಲ್ಲಿ ಬಂತು. ಅಲ್ಲಿ ಉಳಿದರೆ ಬಾಗಿಲು ತೆರೆದರೆ ಪಾರ್ಕ್, ನಡೆದು ಹೋಗಿ ಬರಬಹುದು. ಕೈಕೂಸು ಇದ್ದವರಿಗೆ, ನಡೆಯಲು ಕಷ್ಟ ಇರುವ ಹಿರಿಯರಿಗೆ ಅದರ ಬೆಲೆ ಗೊತ್ತು. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಪಾರ್ಕಿನ ಪಕ್ಕದ ಯಾವ ರೆಸಾರ್ಟೇ ಆಗಲಿ, ಅಲ್ಲಿ ಕೋಣೆಯಷ್ಟೇ ಅಲ್ಲ, ಚಹಾ, ತಿಂಡಿ, ರಾತ್ರಿ ಊಟ ಎಲ್ಲವೂ ಅವರ ದರದಲ್ಲೇ. ಎದುರಿಗೆ ಖಾನಾವಳಿ ಇರುವುದಿಲ್ಲ. ಬಿಡದಿ, ರಾಮನಗರ, ಕೆಂಗೇರಿಯಂಥ ಪೇಟೆಯಲ್ಲಿ ಉಳಿದರೆ ಇಡ್ಲಿ ಬೀದಿಯ ಬೆಲೆಗೇ ಸಿಗುತ್ತದೆ. ಬಿಡದಿಯಲ್ಲಂತೂ ತಟ್ಟೆ ಇಡ್ಲಿ ತಿನ್ನಲೆಂದೇ ಜನ ಗಾಡಿ ನಿಲ್ಲಿಸುತ್ತಾರೆ.

ಲೆಕ್ಕ ಹಾಕಿ ನೋಡೋಣ. ಇವು ಯಾರ ದರವೂ ಅಲ್ಲ, ಲೆಕ್ಕದ ದಾರಿ ತಿಳಿಯಲು ನಾವೇ ಇಟ್ಟ ಅಂಕಿ.

ರೆಸಾರ್ಟ್: ಕೋಣೆಗೆ 5,000, ತಿಂಡಿ ಸೇರಿ. ಎರಡು ಕೋಣೆಗೆ 10,000. ಐದನೆಯವರ ಹಾಸಿಗೆ 1,000. ಶೇ 5 ಜಿಎಸ್‌ಟಿ 550. ಒಟ್ಟು 11,550 ರೂಪಾಯಿ.

ಪೇಟೆಯ ಲಾಡ್ಜ್: ಕೋಣೆಗೆ 1,300ರಂತೆ ಎರಡಕ್ಕೆ 2,600. ಹಾಸಿಗೆ 300. ಜಿಎಸ್‌ಟಿ 145. ಐವರ ತಿಂಡಿ 400. ಪಾರ್ಕಿಗೆ ಹೋಗಿ ಬರುವ ಆಟೊ 1,200. ಒಟ್ಟು 4,645 ರೂಪಾಯಿ.

ಹತ್ತಿರ ಹತ್ತಿರ ಏಳು ಸಾವಿರದ ಅಂತರ. ಪಾರ್ಕಿನ ಟಿಕೆಟ್ಟಿಗೆ ಬೇಕಾದ ದುಡ್ಡಿನ ದೊಡ್ಡ ಪಾಲು ಅಲ್ಲೇ ಬಂತು. ನಿಮ್ಮ ಅಂಕಿ ಬೇರೆ ಇರಬಹುದು, ಆದರೆ ಸಾಲುಗಳು ಇವೇ. ಕೋಣೆ, ಹಾಸಿಗೆ, ತೆರಿಗೆ, ತಿಂಡಿ, ಗಾಡಿ. ಐದೂ ಸಾಲು ಬರೆಯದೆ ಯಾವುದು ಅಗ್ಗ ಎಂದು ತೀರ್ಮಾನ ಮಾಡಬೇಡಿ. ಕೆಲವು ಸಲ ಕೋಣೆ ಜೊತೆ ಪಾರ್ಕ್ ಟಿಕೆಟ್ ಸೇರಿಸಿ ಪ್ಯಾಕೇಜ್ ಕೊಡುತ್ತಾರೆ. ಅದನ್ನೂ ಇದೇ ಸಾಲುಗಳಲ್ಲಿ ಇಟ್ಟು ತೂಗಿ.

ಇನ್ನೊಂದು ಮಾತು. ‘ಫ್ಯಾಮಿಲಿ ರೂಮ್’ ಅಂದರೆ ಅಗ್ಗ ಎಂದುಕೊಳ್ಳುತ್ತೇವೆ. ಎಷ್ಟೋ ಕಡೆ ಒಂದು ದೊಡ್ಡ ಕೋಣೆಗಿಂತ ಎರಡು ಸಣ್ಣ ಕೋಣೆ ಕಡಿಮೆಗೆ ಸಿಗುತ್ತವೆ. ಎರಡು ಬಚ್ಚಲು ಸಿಗುತ್ತವೆ ಎಂಬುದು ಅದಕ್ಕಿಂತ ದೊಡ್ಡ ಲಾಭ. ಬೆಳಿಗ್ಗೆ ಐದು ಜನಕ್ಕೆ ಒಂದೇ ಬಚ್ಚಲಾದರೆ ಒಂದು ತಾಸು ಬಾಗಿಲು ಬಡಿಯುವುದರಲ್ಲೇ ಹೋಗುತ್ತದೆ. ಅಜ್ಜಿಗೂ ಮೊಮ್ಮಗಳಿಗೂ ಒಂದು ಕೋಣೆ ಕೊಟ್ಟರೆ ಅವರಿಗೂ ಸಂಕೋಚವಿಲ್ಲ.

ಬೆಂಗಳೂರೇ ಆಗಬೇಕೆಂದಿಲ್ಲ. ಮೈಸೂರಿನ ಹೊರವಲಯದಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಮೈಸೂರು ಪ್ರವಾಸಿಗರ ಊರು, ಹಾಗಾಗಿ ಪ್ರವಾಸೋದ್ಯಮ ನಿಗಮದ ಮಯೂರ ಹೊಯ್ಸಳದಿಂದ ಹಿಡಿದು ಸಣ್ಣ ಲಾಡ್ಜ್‌ಗಳ ತನಕ ಎಲ್ಲ ದರದಲ್ಲೂ ಕೋಣೆ ಇವೆ. ಒಂದು ದಿನ ಪಾರ್ಕ್, ಒಂದು ದಿನ ಅರಮನೆ, ಮೃಗಾಲಯ. ಮೃಗಾಲಯಕ್ಕೆ ಮಂಗಳವಾರ ರಜೆ. ದಸರೆಯ ಹತ್ತು ದಿನ ಮಾತ್ರ ಆ ಕಡೆ ಕೋಣೆ ಹುಡುಕಬೇಡಿ, ಸಿಕ್ಕರೂ ದರ ಏರಿರುತ್ತದೆ. ಎಲ್ಲೇ ಹೋಗಿ, ಶನಿವಾರ, ಭಾನುವಾರ ತಪ್ಪಿಸಿದರೆ ಕೋಣೆಯ ದರವೂ ಇಳಿಯುತ್ತದೆ, ರೈಡಿನ ಸಾಲೂ ಕರಗುತ್ತದೆ.

ಯಾವ ರಾತ್ರಿಗೆ ಕೋಣೆ?

ನಮ್ಮ ಕಡೆಯವರು ರಾತ್ರಿ ಬಸ್ಸು ಅಥವಾ ರೈಲು ಹತ್ತಿ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯುತ್ತಾರೆ. ರೆಸಾರ್ಟುಗಳಲ್ಲಿ ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರ ಮೇಲೆ, ಕೆಲವು ಕಡೆ ಎರಡರ ಮೇಲೆ. ಅಷ್ಟರಲ್ಲಿ ಪಾರ್ಕ್ ತೆರೆದಾಗಿರುತ್ತದೆ. ಅಂದರೆ ಆ ದಿನ ನಿಮಗೆ ಬೇಕಾದ್ದು ಬೆಳಿಗ್ಗೆ ಮುಖ ತೊಳೆಯಲು ಜಾಗ, ಪಾರ್ಕಿನಿಂದ ಬಂದ ಮೇಲೆ ಮಲಗಲು ಜಾಗ. ಪೇಟೆಯ ಬಹಳಷ್ಟು ಲಾಡ್ಜ್‌ಗಳು ಇಪ್ಪತ್ನಾಲ್ಕು ತಾಸಿನ ಲೆಕ್ಕದಲ್ಲಿ ಕೋಣೆ ಕೊಡುತ್ತವೆ. ಬೆಳಿಗ್ಗೆ ಆರಕ್ಕೆ ಒಳಗೆ ಹೋದರೆ ಮರುದಿನ ಆರರ ತನಕ ನಿಮ್ಮದೇ. ಒಂದೇ ದಿನದ ಬಾಡಿಗೆಯಲ್ಲಿ ಸ್ನಾನವೂ ಆಯಿತು, ರಾತ್ರಿಯೂ ಕಳೆಯಿತು. ಇದನ್ನು ಫೋನಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ರೈಲಿನಲ್ಲಿ ಬರುವವರಿಗೆ ದೊಡ್ಡ ನಿಲ್ದಾಣಗಳ ವಿಶ್ರಾಂತಿ ಕೋಣೆಯೂ ಒಂದು ದಾರಿ. ಖಚಿತವಾದ ಟಿಕೆಟ್ಟಿನ ಪಿಎನ್‌ಆರ್ ಇದ್ದರೆ ಐಆರ್‌ಸಿಟಿಸಿಯಲ್ಲಿ ಮುಂಗಡವಾಗಿ ಕಾಯ್ದಿರಿಸಬಹುದು. ಬೆಂಗಳೂರಿನಿಂದ ಮುಂದಕ್ಕೆ ಮೈಸೂರು ಕಡೆಯ ಪ್ಯಾಸೆಂಜರ್ ರೈಲುಗಳು ಹೆಜ್ಜಾಲ, ಬಿಡದಿಯಲ್ಲಿ ನಿಲ್ಲುತ್ತವೆ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದವರೆಗೆ ಓಡುತ್ತಿದೆ. ಮೆಜೆಸ್ಟಿಕ್‌ನಲ್ಲಿ ಹತ್ತಿ ಕೆಂಗೇರಿಯಲ್ಲೋ ಚಲ್ಲಘಟ್ಟದಲ್ಲೋ ಇಳಿದರೆ ಆಟೊ, ಬಸ್ಸಿನ ದೂರ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಮುಂಗಡ ಕಳಿಸುವ ಮುನ್ನ

ಗೂಗಲ್‌ನಲ್ಲಿ ಹೋಟೆಲ್ ಹೆಸರಿನ ಜೊತೆ ಮೋಸಗಾರರ ನಂಬರ್ ಕಾಣಿಸಿಕೊಳ್ಳುವುದುಂಟು. ‘ಈಗಲೇ ಅರ್ಧ ದುಡ್ಡು ಹಾಕಿ, ಇಲ್ಲದಿದ್ದರೆ ಕೋಣೆ ಹೋಗುತ್ತದೆ’ ಎಂದು ಅವಸರ ಮಾಡಿದರೆ ಅಲ್ಲೇ ನಿಲ್ಲಿ. ಹೋಟೆಲಿನ ಸ್ವಂತ ಜಾಲತಾಣದಲ್ಲಿರುವ ನಂಬರ್ ಅದೇನಾ ನೋಡಿ. ದುಡ್ಡು ವಾಪಸ್ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ ಎಂದರೆ ಅದು ಮೋಸವೇ. ದುಡ್ಡು ಬರಲು ಪಿನ್ ಬೇಕಾಗಿಲ್ಲ. ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ತೆರಿಗೆ ಸೇರಿದ ದರ ಹೇಳಿ ಎಂದು ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ಲೆಕ್ಕದಲ್ಲೇ ಬಿಲ್ ಕೊಟ್ಟರೆ ಪ್ರಶ್ನೆ ಮಾಡಿ. ಊಟದ ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಎಂದು ಬರೆದಿದ್ದರೆ ಅದನ್ನು ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. 2022ರ ಜುಲೈನಲ್ಲೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದನ್ನು ಹೇಳಿದೆ. ದೂರು ಕೊಡಲು 1915 ಇದೆ.

ಬಸ್ ಸಿಕ್ಕಿತು, ಕೋಣೆ?

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಊರಿನ ಹೆಂಗಸರು ಧರ್ಮಸ್ಥಳ ನೋಡಿದರು, ಬೆಂಗಳೂರು ನೋಡಿದರು. ನಾವು ಹೇಳಿದ ಕುಟುಂಬದಲ್ಲಿ ಐವರ ಪೈಕಿ ಮೂವರಿಗೆ, ಅಂದರೆ ಅಜ್ಜಿ, ಅಮ್ಮ, ಮಗಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ಸ್ಲೀಪರ್, ರಾಜಹಂಸಕ್ಕೆ ಇದು ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ. ದಾರಿಯ ಖರ್ಚು ಇಷ್ಟು ಇಳಿದರೂ ಅಜ್ಜಿ ಮನೆಯಲ್ಲೇ ಉಳಿಯುತ್ತಾಳೆ ಎಂದರೆ ಅಡ್ಡ ಬಂದದ್ದು ರಾತ್ರಿಯ ಬಾಡಿಗೆ.

ಇದಕ್ಕೆ ಹೋಟೆಲಿನವರು ದೊಡ್ಡ ಖರ್ಚು ಮಾಡಬೇಕಿಲ್ಲ. ಇಬ್ಬರ ದರದ ಪಕ್ಕದಲ್ಲೇ ಐವರ ದರವನ್ನೂ, ಹಾಸಿಗೆ, ತೆರಿಗೆ ಎಲ್ಲ ಸೇರಿಸಿ, ಕನ್ನಡದಲ್ಲಿ ಹಾಕಲಿ. ಪಾರ್ಕಿನವರು ಸಾಲಾಗಿ ಹಾಸಿಗೆ ಇರುವ ಡಾರ್ಮಿಟರಿಯನ್ನು ಹಳ್ಳಿಯ ಕುಟುಂಬಗಳಿಗೂ ತೆರೆಯಲಿ. ಬೆಂಗಳೂರು-ಮೈಸೂರು ದಾರಿ ರಾಜ್ಯದ ಅತಿ ದೊಡ್ಡ ಪ್ರವಾಸಿ ದಾರಿಗಳಲ್ಲಿ ಒಂದು. ಅಲ್ಲಿ ಯಾತ್ರಿನಿವಾಸದ ಮಾದರಿಯಲ್ಲಿ ಸ್ವಚ್ಛವಾದ, ಕಡಿಮೆ ದರದ ಐದು ಹಾಸಿಗೆಯ ಕೋಣೆಗಳನ್ನು ಸರ್ಕಾರ ಕಟ್ಟಿಸಿದರೆ ಖಾಲಿ ಬೀಳುವುದಿಲ್ಲ. ದೇವಸ್ಥಾನಕ್ಕೆ ಬಂದವರಿಗೆ ಛತ್ರ ಕಟ್ಟಿದ ನಾಡು ಇದು. ಮಕ್ಕಳ ಸಂತೋಷಕ್ಕೆ ಬಂದವರಿಗೆ ಯಾಕೆ ಆಗಬಾರದು?

ಅದು ಆಗುವವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಈಜುಕೊಳದ ಫೋಟೊ, ಬಿಳಿ ಹಾಸಿಗೆ ನೋಡಿ ಮನಸ್ಸು ಸೋಲುವುದು ಸಹಜ. ಆದರೆ ಮಕ್ಕಳು ಹತ್ತು ವರ್ಷದ ಮೇಲೆ ನೆನೆಯುವುದು ಕೋಣೆಯನ್ನಲ್ಲ. ಅಲೆಯ ಕೊಳದಲ್ಲಿ ಅಮ್ಮನ ಕೈ ಹಿಡಿದು ಕಿರುಚಿದ್ದನ್ನು, ಅಜ್ಜಿ ದಂಡೆಯಲ್ಲಿ ಕೂತು ‘ಸಾಕು ಬಾರೋ’ ಎಂದು ಬೈದದ್ದನ್ನು. ಹಾಗಾಗಿ ಲಾಡ್ಜಿನವರಿಗೆ ಫೋನ್ ಮಾಡಿದಾಗ ಮೊದಲ ಮಾತು ‘ದರ ಎಷ್ಟು’ ಎಂದಾಗದಿರಲಿ. ‘ನಾವು ಐದು ಜನ’ ಎಂದಾಗಲಿ.