ಹೆದರಬೇಕಾದದ್ದು ಯಾವ ಕಿರಣಕ್ಕೆ?

‘ವಿಕಿರಣ’ ಎಂದರೆ ನಮ್ಮ ಜನ ಅಷ್ಟಾಗಿ ಗಾಬರಿಯಾಗುವುದಿಲ್ಲ. ಅದನ್ನೇ ‘ರೇಡಿಯೇಷನ್’ ಎಂದರೆ ಬೆಚ್ಚಿಬೀಳುತ್ತಾರೆ. ಬಡಾವಣೆಗೆ ಮೊಬೈಲ್ ಗೋಪುರ ಬೇಡವೆಂಬ ಮನವಿ ಪತ್ರ ಹಿಡಿದು ಈಚೆಗೆ ನಾಲ್ಕಾರು ಹಿರಿಯರು ನಮ್ಮ ಮನೆಗೆ ಬಂದಿದ್ದರು. “ಮೇಷ್ಟ್ರೇ, ನೀವು ವಿಜ್ಞಾನ ಓದಿದವರು, ನಿಮ್ಮ ಸಹಿ ಮೊದಲು ಬೀಳಲಿ” ಎಂದರು. ಕೂರಿಸಿ, ಕಾಫಿ ಕೊಟ್ಟು, ಅವರಿಗೆ ಹೇಳಿದ ಮಾತನ್ನೇ ಈ ವಾರ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇನೆ.

ಬೆಳಕೂ ವಿಕಿರಣವೇ. ಒಲೆಯ ಕಾವು, ರೇಡಿಯೋದ ಅಲೆ, ಆಸ್ಪತ್ರೆಯ ಎಕ್ಸ್-ರೇ ಎಲ್ಲವೂ ಒಂದೇ ಮನೆತನದವು. ಇವುಗಳ ಹೆಸರು ವಿದ್ಯುತ್ಕಾಂತೀಯ ತರಂಗಗಳು. ಶೂನ್ಯದಲ್ಲಿ ಎಲ್ಲವೂ ಓಡುವುದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ. ವ್ಯತ್ಯಾಸವಿರುವುದು ಅಲೆಯಿಂದ ಅಲೆಗಿರುವ ಅಂತರದಲ್ಲಿ, ಅಂದರೆ ತರಂಗದೂರದಲ್ಲಿ. ಮತ್ತು ಸೆಕೆಂಡಿಗೆ ಎಷ್ಟು ಅಲೆಗಳೆಂಬ ಎಣಿಕೆಯಲ್ಲಿ, ಅಂದರೆ ಆವೃತ್ತಿಯಲ್ಲಿ. ಹಳೆಯ ರೇಡಿಯೋ ಪೆಟ್ಟಿಗೆಯ ಮುಳ್ಳು ತಿರುಗಿಸಿದವರಿಗೆ ಈ ಲೆಕ್ಕ ಹೊಸದಲ್ಲ. ಆ ಡಯಲಿನ ಮೇಲೆ ಮೀಟರೂ ಇರುತ್ತಿತ್ತು, ಕಿಲೋಹರ್ಟ್ಸೂ ಇರುತ್ತಿತ್ತು. ಬೆಂಗಳೂರು ಆಕಾಶವಾಣಿಯನ್ನು ಎಷ್ಟೋ ವರ್ಷ ನಾವು ಕೇಳಿದ್ದು 612 ಕಿಲೋಹರ್ಟ್ಸ್‌ನಲ್ಲಿ. ಅದರ ತರಂಗದೂರ ಸುಮಾರು 490 ಮೀಟರ್. ಎರಡನ್ನೂ ಗುಣಿಸಿ ನೋಡಿ, ಬೆಳಕಿನ ವೇಗವೇ ಬರುತ್ತದೆ. ಧಾರವಾಡದ 765ಕ್ಕೆ ಎಷ್ಟು ಮೀಟರ್ ಎಂಬುದನ್ನು ಮನೆಯ ಮಕ್ಕಳಿಗೆ ಬಿಡುತ್ತೇನೆ.

ಅಲೆ ಕಿರಿದಾಗುತ್ತ ಹೋದಂತೆ ಹೆಸರುಗಳು ಬದಲಾಗುತ್ತವೆ. ಎಫ್‌ಎಂ ಅಲೆ ಸುಮಾರು 3 ಮೀಟರ್. ಅಡಿಗೆಮನೆಯ ಮೈಕ್ರೋವೇವ್ ಒಲೆಯದು 12 ಸೆಂಟಿಮೀಟರ್. ಅದಕ್ಕಿಂತ ಕಿರಿದಾದದ್ದು ಅವಗೆಂಪು. ಆಮೇಲೆ ಕೆಂಪಿನಿಂದ ನೇರಳೆಯವರೆಗಿನ ಕಾಮನಬಿಲ್ಲು. ನೇರಳೆಯಾಚೆ ನೇರಳಾತೀತ, ಎಕ್ಸ್ ಕಿರಣ, ಗಾಮಾ ಕಿರಣ. ಈ ಉದ್ದನೆಯ ಸಾಲಿನಲ್ಲಿ ನಮ್ಮ ಕಣ್ಣಿಗೆ ದಕ್ಕುವುದು ಸುಮಾರು 400ರಿಂದ 700 ನ್ಯಾನೋಮೀಟರ್ ನಡುವಿನ ಒಂದು ಚೂರು ಮಾತ್ರ. ಮಿಕ್ಕದ್ದು ಉಂಟೆಂದೇ ಬಹುಕಾಲ ಗೊತ್ತಿರಲಿಲ್ಲ. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷಲ್ ಬಿಸಿಲನ್ನು ಪಟ್ಟಕದಿಂದ ಒಡೆದು, ಒಂದೊಂದು ಬಣ್ಣದಲ್ಲಿ ಉಷ್ಣಮಾಪಕ ಇಟ್ಟು ನೋಡಿದ. ಕೆಂಪಿನ ಆಚೆ, ಬಣ್ಣವೇ ಇಲ್ಲದ ಜಾಗದಲ್ಲಿ, ಪಾದರಸ ಎಲ್ಲಕ್ಕಿಂತ ಮೇಲೇರಿತು. ಮರುವರ್ಷವೇ ಜರ್ಮನಿಯಲ್ಲಿ ರಿಟ್ಟರ್ ಇನ್ನೊಂದು ತುದಿಗೆ ಹೋಗಿ ಬೆಳ್ಳಿಯ ಕ್ಲೋರೈಡ್ ಇಟ್ಟ. ಅದು ನೇರಳೆಯ ಆಚೆಯ ಕತ್ತಲಲ್ಲೇ ಬೇಗ ಕಪ್ಪಾಯಿತು. ಒಂದು ತುದಿ ಬಿಸಿ ಮಾಡಿತು, ಇನ್ನೊಂದು ತುದಿ ಪದಾರ್ಥವನ್ನೇ ಬದಲಿಸಿತು. ಈ ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಯಾಕೆ ಹೀಗೆ ಎಂಬುದಕ್ಕೆ ಸುಳಿವು ಸಿಕ್ಕಿದ್ದು ಬೇರೆಯದೇ ಏನನ್ನೋ ಹುಡುಕುತ್ತಿದ್ದಾಗ. ಬೆಳಕು ವಿದ್ಯುತ್ಕಾಂತೀಯ ಅಲೆಯೆಂದು ಮ್ಯಾಕ್ಸ್‌ವೆಲ್ 1865ರಲ್ಲಿ ಕಾಗದದ ಮೇಲೆ ಗಣಿತ ಹಾಕಿ ಹೇಳಿದ್ದ. ಆ ಅಲೆಗಳನ್ನು ಪ್ರಯೋಗದಿಂದ ತೋರಿಸಲು ಹೊರಟವನು ಹೈನ್‌ರಿಶ್ ಹರ್ಟ್ಸ್. ಕೋಣೆಯ ಒಂದೆಡೆ ದೊಡ್ಡ ಕಿಡಿ ಹಾರಿಸಿದರೆ ದೂರದಲ್ಲಿಟ್ಟ ತಂತಿಯ ಸಂದಿಯಲ್ಲಿ ಪುಟ್ಟ ಕಿಡಿ ಹಾರುತ್ತಿತ್ತು. ಆ ಪುಟ್ಟ ಕಿಡಿ ಸರಿಯಾಗಿ ಕಾಣಲೆಂದು 1887ರಲ್ಲಿ ಅವನು ಅದಕ್ಕೊಂದು ಕಪ್ಪು ಪೆಟ್ಟಿಗೆ ಮುಚ್ಚಿದ. ಕಿಡಿ ಇನ್ನೂ ಕುಗ್ಗಿತು! ಬೇರೆಯವರಾಗಿದ್ದರೆ ಪೆಟ್ಟಿಗೆ ಎತ್ತಿ ಎಸೆದು ಮುಂದೆ ಹೋಗುತ್ತಿದ್ದರೇನೋ. ಹರ್ಟ್ಸ್ ಬಿಡಲಿಲ್ಲ. ನಡುವೆ ಗಾಜಿನ ಹಲಗೆ ಹಿಡಿದ, ಕಿಡಿ ಕುಗ್ಗಿತು. ಗಾಜಿನ ಬದಲು ಸ್ಫಟಿಕ ಶಿಲೆಯ ಹಲಗೆ ಹಿಡಿದ, ಕುಗ್ಗಲಿಲ್ಲ. ದೊಡ್ಡ ಕಿಡಿಯಿಂದ ಹೊರಟ ನೇರಳಾತೀತ ಕಿರಣ ಪುಟ್ಟ ಕಿಡಿಗೆ ನೆರವಾಗುತ್ತಿತ್ತು. ಗಾಜು ಅದನ್ನು ತಡೆಯುತ್ತದೆ, ಸ್ಫಟಿಕ ಬಿಡುತ್ತದೆ.

ಇದರ ಗುಟ್ಟು ಬಿಡಿಸಿದವರು ಐನ್‌ಸ್ಟೈನ್, 1905ರಲ್ಲಿ. ಬೆಳಕಿನ ಶಕ್ತಿ ಧಾರೆಯಾಗಿ ಸುರಿಯುವುದಿಲ್ಲ, ಪೊಟ್ಟಣ ಪೊಟ್ಟಣವಾಗಿ ಬರುತ್ತದೆ. ಪೊಟ್ಟಣದ ತೂಕವನ್ನು ನಿರ್ಧರಿಸುವುದು ಆವೃತ್ತಿ ಎಂದರು. ಲೋಹದಿಂದ ಎಲೆಕ್ಟ್ರಾನನ್ನು ಕೀಳಲು ಒಂದೊಂದು ಪೊಟ್ಟಣವೂ ತಕ್ಕಷ್ಟು ಭಾರವಾಗಿರಬೇಕು. ಇದನ್ನು ತರಗತಿಯಲ್ಲಿ ನಾನು ಮಾವಿನ ಮರದ ಮೂಲಕ ಹೇಳುತ್ತೇನೆ, ಹುಡುಗರಿಗೆ ಕಲ್ಲೆಸೆತದ ಅನುಭವ ಚೆನ್ನಾಗಿಯೇ ಇರುತ್ತದೆ. ಕಾಯಿಗೆ ಸಾಸಿವೆ ಕಾಳು ಎಸೆಯಿರಿ, ಸೇರುಗಟ್ಟಲೆ ಎಸೆಯಿರಿ, ಒಂದು ಕಾಯಿಯೂ ಬೀಳುವುದಿಲ್ಲ. ಗುರಿಯಿಟ್ಟು ಒಂದೇ ಒಂದು ಕಲ್ಲು ಎಸೆದರೆ ತೊಟ್ಟು ಮುರಿಯುತ್ತದೆ. ಹಾಗೆಂದು ಸಾಸಿವೆಯಿಂದ ಏನೂ ಆಗದೆಂದಲ್ಲ. ಮೂಟೆಗಟ್ಟಲೆ ಸುರಿದರೆ ಕೊಂಬೆ ಬಗ್ಗುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು ಆ ಬಗೆಯಿಂದ.

ಈಗ ಗೋಪುರಕ್ಕೆ ಬರೋಣ. 900 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 90 ಕೋಟಿ ಅಲೆ. ಹಸಿರು ಬೆಳಕಿನದು ಸುಮಾರು 5.4 ಕೋಟಿ ಕೋಟಿ. ಅಂದರೆ ಗೋಪುರದ ಒಂದು ಪೊಟ್ಟಣಕ್ಕಿಂತ ಎಲೆಯ ಹಸಿರಿನ ಒಂದು ಪೊಟ್ಟಣ 6 ಲಕ್ಷ ಪಟ್ಟು ಭಾರ. ನಮ್ಮ ಜೀವಕೋಶದ ಡಿಎನ್‌ಎಯನ್ನು ನೇರವಾಗಿ ಮುರಿಯಲು ಆ ಹಸಿರಿಗೂ ಶಕ್ತಿ ಸಾಲದು. ಗೋಪುರದ ಅಲೆ ಮಾಡಬಲ್ಲದ್ದೆಂದು ಖಚಿತವಾಗಿ ಗೊತ್ತಿರುವುದು ಬಿಸಿ ಮಾಡುವ ಕೆಲಸವೊಂದೇ. ಅದಕ್ಕೂ ಮಿತಿ ಹಾಕಿದ್ದಾರೆ. 2012ರಲ್ಲಿ ನಮ್ಮ ದೇಶ ಅಂತರರಾಷ್ಟ್ರೀಯ ಮಿತಿಯನ್ನು ಹತ್ತನೇ ಒಂದಕ್ಕೆ ಇಳಿಸಿತು. ಆಗ 900 ಮೆಗಾಹರ್ಟ್ಸ್‌ಗೆ ಗೊತ್ತುಮಾಡಿದ್ದು ಚದರ ಮೀಟರಿಗೆ 0.45 ವ್ಯಾಟ್. ನಡುಹಗಲ ಬಿಸಿಲು ಅದೇ ಜಾಗಕ್ಕೆ ಸುರಿಯುವುದು ಸುಮಾರು 1,000 ವ್ಯಾಟ್!

ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಅಲೆಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ ಗುಂಪಿಗೆ ಸೇರಿಸಿತು. ಪುರಾವೆ ಸಾಲದು, ಪೂರ್ತಿ ತಳ್ಳಿಹಾಕಲೂ ಆಗದು ಎನ್ನುವಂಥವಕ್ಕೆ ಆ ಗುಂಪು. ಲೋಳೆಸರದ ಇಡೀ ಎಲೆಯ ಸಾರವೂ ಅಲ್ಲಿಯೇ ಇದೆ. ಆದರೆ ಬಿಸಿಲಿನ ವಿಕಿರಣ, ಎಕ್ಸ್ ಕಿರಣ, ಗಾಮಾ ಕಿರಣಗಳಿರುವುದು ‘ಕ್ಯಾನ್ಸರ್ ತರುವುದು ಖಚಿತ’ ಎಂಬ ಮೊದಲ ಗುಂಪಿನಲ್ಲಿ. ಮತ್ತೊಂದು ವಿಚಿತ್ರ ಕೇಳಿ. ಗೋಪುರ ದೂರವಾಗಿ ಸಿಗ್ನಲ್ ಸೊರಗಿದಷ್ಟೂ ಕಿವಿಗೆ ಒತ್ತಿಕೊಂಡ ಫೋನು ತನ್ನ ದನಿ ಏರಿಸುತ್ತದೆ. ಮನವಿಗೆ ನಾನು ಸಹಿ ಹಾಕಲಿಲ್ಲ. ಬಂದವರು ಬೇಸರದಿಂದಲೇ ಹೋದರು.

ಕಲ್ಲಿನಂಥ ಪೊಟ್ಟಣಗಳು ಶುರುವಾಗುವುದು ನೇರಳಾತೀತದಿಂದ. ಎಕ್ಸ್-ರೇ ವಿಷಯದಲ್ಲಿ ಜನರಿಗೆ ಒಂದಿಷ್ಟು ಎಚ್ಚರವಿದೆ, ವೈದ್ಯರು ಬರೆದುಕೊಡದೆ ಯಾರೂ ತೆಗೆಸಿಕೊಳ್ಳುವುದಿಲ್ಲ. ನೇರಳಾತೀತಕ್ಕೆ ಆ ಮರ್ಯಾದೆಯೂ ಇಲ್ಲ. 2020ರಲ್ಲಿ ಕೊರೊನಾ ಬಂದಾಗ ರೋಗಾಣು ಕೊಲ್ಲುವ ನೇರಳಾತೀತ ದೀಪಗಳು ಅಂಗಡಿಗೆ ಬಂದವು. ಇಂಥ ದೀಪಗಳಲ್ಲಿ ಸಾಮಾನ್ಯವಾಗಿ ಬಳಸುವ 254 ನ್ಯಾನೋಮೀಟರ್ ಕಿರಣ ಡಿಎನ್‌ಎಯನ್ನೇ ಕೆಡಿಸುತ್ತದೆ. ರೋಗಾಣುವಿನ ಡಿಎನ್‌ಎ, ಮನುಷ್ಯನ ಡಿಎನ್‌ಎ ಎಂಬ ಪಂಕ್ತಿಭೇದ ಅದಕ್ಕೆ ತಿಳಿಯದು. ಕೈಗೆ ಹಿಡಿಯಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಬೇಕಾಯಿತು.

ಆದರೆ ನೇರಳಾತೀತ ದಿನನಿತ್ಯ ರಸ್ತೆಯಂಚಿಗೇ ಬಂದು ಕೂತಿರುವುದು ವೆಲ್ಡಿಂಗ್ ಅಂಗಡಿಯಲ್ಲಿ. ಗೇಟು, ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೇಲರು ಬೆಸೆಯುವಾಗ ಉರಿಯುವ ಆರ್ಕ್‌ನಲ್ಲಿ ಕಣ್ಣು ಕೋರೈಸುವ ಬೆಳಕಿನ ಜೊತೆಗೆ ಕಾಣದ ನೇರಳಾತೀತ ಧಾರಾಳವಾಗಿರುತ್ತದೆ. ಬೆಸೆಯುವ ಮೇಸ್ತ್ರಿಯ ಕೈಯಲ್ಲಿ ಕಪ್ಪು ಗಾಜಿನ ಮುಖಗವಚವಿರುತ್ತದೆ. ಕಬ್ಬಿಣದ ಪಟ್ಟಿ ಹಿಡಿದು ಕೂತ ಸಹಾಯಕ ಹುಡುಗನಿಗೆ? ಅವನು ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಕಿರಿದು ಮಾಡಿಕೊಂಡು ಆಗಾಗ ಇಣುಕುತ್ತಿರುತ್ತಾನೆ. ಶಾಲೆ ಬಿಟ್ಟ ಮಕ್ಕಳೂ ನಿಂತು ನೋಡುತ್ತಾರೆ.

ನೋಡುವಾಗ ನೋವಾಗುವುದಿಲ್ಲ, ಮೋಸವಿರುವುದೇ ಅಲ್ಲಿ. ಕಣ್ಣಿನ ಪಾರದರ್ಶಕ ಪಟಲದ ಮೇಲಿನ ಕೋಶಗಳು ಕೆಟ್ಟು ಕಳಚತೊಡಗುವುದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಸಂಜೆ ಕೆಲಸ ಮುಗಿಸಿ ಉಂಡು ಮಲಗಿದವನು ನಡುರಾತ್ರಿ ಕಣ್ಣಿಗೆ ಮರಳು ಹೊಯ್ದಂತಾಗಿ ಎದ್ದು ಕೂರುತ್ತಾನೆ. ನೀರು ಸುರಿಯುತ್ತದೆ, ದೀಪ ನೋಡಲಾಗುವುದಿಲ್ಲ. ಆಲೂಗೆಡ್ಡೆ ಹೋಳು ಕಟ್ಟಿಕೊಳ್ಳುವವರಿದ್ದಾರೆ, ತಂಪಾಗಬಹುದು, ಚಿಕಿತ್ಸೆಯಲ್ಲ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಪೊರೆ ಮತ್ತೆ ಬೆಳೆಯುತ್ತದೆ. ವಾಸಿಯಾಯಿತೆಂದು ಹುಡುಗ ಮತ್ತೆ ಹಾಗೆಯೇ ಕೂರುತ್ತಾನೆ. ವೆಲ್ಡಿಂಗ್‌ನ ನೇರಳಾತೀತ ವಿಕಿರಣವನ್ನೂ ಅದೇ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ಮೊದಲ ಗುಂಪಿಗೆ ಸೇರಿಸಿದೆ. ಅದರ ವಿರುದ್ಧ ಮನವಿ ಪತ್ರ ಹಿಡಿದು ಬಂದವರನ್ನು ನಾನು ಕಂಡಿಲ್ಲ.

ಮನೆಗೆ ಗ್ರಿಲ್ ಮಾಡಿಸುವವರು ಒಂದು ಕೆಲಸ ಮಾಡಬಹುದು. ಸಹಾಯಕನಿಗೂ ಇನ್ನೊಂದು ಮುಖಗವಚ ಬೇಕೆಂದು ಮೇಸ್ತ್ರಿಗೆ ಮೊದಲೇ ಹೇಳಿ. ಸಾಮಾನ್ಯ ಆರ್ಕ್ ಕೆಲಸಕ್ಕೆ 10ರಿಂದ 12ರ ಸಂಖ್ಯೆಯ ಗಾಜು ಸರಿ. ಸಂತೆಯ ಕಪ್ಪು ಕನ್ನಡಕ ಈ ಕೆಲಸಕ್ಕೆ ಬಾರದು. ಕತ್ತಲೆಗೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಗಾಜು ನೇರಳಾತೀತವನ್ನು ತಡೆಯದಿದ್ದರೆ ಒಳಗೆ ಹೋಗುವ ಪಾಲು ಹೆಚ್ಚೇ ಆಗುತ್ತದೆ. ರಸ್ತೆಯ ಕಡೆಗೆ ಒಂದು ದಪ್ಪ ಪರದೆ ಕಟ್ಟಿಸಿ. ರಾತ್ರಿ ಕಣ್ಣು ಉರಿದರೆ ಬೆಳಿಗ್ಗೆ ಕಣ್ಣಿನ ವೈದ್ಯರಲ್ಲಿಗೆ ಕಳಿಸಿ. ನೋವು ಮರೆಸುವ ಮರವಟ್ಟಿಸುವ ಹನಿಯನ್ನು ಮಾತ್ರ ತಾವಾಗಿ ತಂದು ಪದೇ ಪದೇ ಬಿಟ್ಟುಕೊಳ್ಳಬಾರದು, ಅದು ಗಾಯ ಮಾಯುವುದನ್ನೇ ತಡೆಯುತ್ತದೆ.